ಸಾಬೂನು ಸಾಕು, ವಿಷ ಬೇಡ

ಬೀದರ್ ಜಿಲ್ಲೆಯ ಗಡಿಯಲ್ಲಿರುವ ಕಮಲನಗರದ ಕಿರಾಣಿ ಅಂಗಡಿಗೂ ಸಹ್ಯಾದ್ರಿಯ ಘಟ್ಟದ ತಿರುವಿನಲ್ಲಿರುವ ಒಂಟಿ ಅಂಗಡಿಗೂ ಹೋಲಿಕೆ ಕಡಿಮೆ. ಅಲ್ಲಿ ತೊಗರಿ, ಉದ್ದು, ಸೋಯಾ ಬೆಳೆಯುವ ಬಯಲು. ಇಲ್ಲಿ ಅಡಕೆ, ಏಲಕ್ಕಿ, ಭತ್ತದ ಕಣಿವೆ. ಮಾತಿನ ಧಾಟಿ ಬೇರೆ, ಊಟದ ರುಚಿ ಬೇರೆ, ಮಳೆಯ ಲೆಕ್ಕವೇ ಬೇರೆ. ಆದರೆ ಎರಡೂ ಅಂಗಡಿಗಳ ಸೋಪಿನ ಸಾಲು ಮಾತ್ರ ಒಂದೇ ಬಗೆಯದು. ಶೇಕಡ 99.9ರಷ್ಟು ರೋಗಾಣುಗಳನ್ನು ಕೊಲ್ಲುವುದಾಗಿ ಸಾರುವ ಹೊದಿಕೆ, ಅದರ ಮೇಲೆ ನಗುವ ತಾಯಿ, ಪಕ್ಕದಲ್ಲಿ ಕೊಬ್ಬಿದ ಕೂಸು. ಕೊಲ್ಲುವ ವಸ್ತು ಯಾವುದು, ಅದು ರೋಗಾಣುವನ್ನಷ್ಟೇ ಮುಟ್ಟಿ ನಿಲ್ಲುತ್ತದೆಯೇ, ಅದರಿಂದ ಆ ಕೂಸಿಗೆ ಏನಾದೀತು ಎಂಬ ಪ್ರಶ್ನೆಗಳಿಗೆ ಹೊದಿಕೆಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಉತ್ತರವಿಲ್ಲ. ಹೆಚ್ಚೆಂದರೆ ಒಂದು ಹೆಸರಿರುತ್ತದೆ.

ಆ ಹೆಸರುಗಳ ಪೈಕಿ ಎರಡು ದೀರ್ಘಕಾಲ ಜಗತ್ತಿನ ಬಚ್ಚಲುಮನೆಗಳನ್ನು ಆಳಿದವು: ಟ್ರೈಕ್ಲೋಸಾನ್ ಮತ್ತು ಟ್ರೈಕ್ಲೋಕಾರ್ಬಾನ್. ಎರಡೂ ಕ್ಲೋರಿನ್ ಬೆರೆತ ಕೃತಕ ರಾಸಾಯನಿಕಗಳು. ಟ್ರೈಕ್ಲೋಸಾನ್ 1970ರ ದಶಕದ ಆರಂಭದಲ್ಲಿ ಶಸ್ತ್ರಚಿಕಿತ್ಸಕರು ಕೈತೊಳೆಯುವ ದ್ರಾವಣದಲ್ಲಿ ಬಳಕೆಗೆ ಬಂದಿತು. ಆಸ್ಪತ್ರೆಯ ಕಟ್ಟುನಿಟ್ಟಿನ ಆವರಣದಲ್ಲಿ ಅದಕ್ಕೊಂದು ಅರ್ಥವಿತ್ತು. ಮಾರುಕಟ್ಟೆಗೆ ಅಷ್ಟು ಸಾಲಲಿಲ್ಲ. ಮುಂದಿನ ದಶಕಗಳಲ್ಲಿ ಅದು ದ್ರವ ಸಾಬೂನು, ಟೂತ್‌ಪೇಸ್ಟ್, ಬೆವರುವಾಸನೆಯ ಲೇಪನಗಳಿಂದ ಹಿಡಿದು ಬಟ್ಟೆ, ಆಟಿಕೆ, ಅಡುಗೆ ಹಲಗೆಗಳವರೆಗೆ ಹಬ್ಬಿತು. ಟ್ರೈಕ್ಲೋಕಾರ್ಬಾನ್ ಮುಖ್ಯವಾಗಿ ಸ್ನಾನದ ಗಟ್ಟಿ ಸೋಪನ್ನು ಸೇರಿತು.

ಚರ್ಮದ ಮೇಲೆ ಹಚ್ಚಿ ತೊಳೆದುಬಿಡುವ ವಸ್ತು ದೇಹದೊಳಕ್ಕೆ ಹೋಗುವುದಾದರೂ ಹೇಗೆಂಬ ಸಂದೇಹ ಸಹಜ. ಅಮೆರಿಕದ ಜನರ ಮೂತ್ರದ ಮಾದರಿಗಳನ್ನು 2003-04ರಲ್ಲಿ ಸಂಗ್ರಹಿಸಿ ಪರೀಕ್ಷಿಸಿದಾಗ ನಾಲ್ಕರಲ್ಲಿ ಸುಮಾರು ಮೂರರಲ್ಲಿ ಟ್ರೈಕ್ಲೋಸಾನ್ ಸಿಕ್ಕಿತು. ಸ್ವೀಡನ್ನಿನಲ್ಲಿ 2002ರ ವೇಳೆಗೇ ಅದು ಎದೆಹಾಲಿನಲ್ಲಿ ಪತ್ತೆಯಾಗಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಸುರಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ ಎಲ್ಲ ಮಹಿಳೆಯರ ಮೂತ್ರದಲ್ಲಿಯೂ ಟ್ರೈಕ್ಲೋಸಾನ್ ಇತ್ತು. ಹೊಕ್ಕುಳಬಳ್ಳಿಯ ರಕ್ತದ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿಯೂ ಇತ್ತು. ಟ್ರೈಕ್ಲೋಕಾರ್ಬಾನ್ ಇರುವ ಸೋಪಿನಿಂದ ಒಮ್ಮೆ ಮಿಂದಾಗ ಮೈಗೆ ತಗಲಿದ ರಾಸಾಯನಿಕದ ಸುಮಾರು ಶೇಕಡ 0.6 ಭಾಗ ಚರ್ಮದ ಮೂಲಕ ಒಳಸೇರುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2011ರಲ್ಲಿ ಅಳೆದು ತೋರಿಸಿದರು. ಪ್ರಮಾಣ ಅಲ್ಪ. ಆದರೆ ಸ್ನಾನ ನಿತ್ಯದ್ದು. ಮೀಯುವವಳು ಬಸುರಿಯಾಗಿದ್ದರೆ ಆ ಅಲ್ಪದಲ್ಲಿ ಪಾಲು ಪಡೆಯುವ ಜೀವಗಳು ಎರಡು.

ಇಲ್ಲಿ ಪ್ರಮಾಣಕ್ಕಿಂತ ಕಾಲ ಮುಖ್ಯ. ಭತ್ತ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸಿಮಡಿಯಲ್ಲಿ ಬಿದ್ದ ಪೆಟ್ಟು ಸಸಿಮಡಿಯಲ್ಲಿಯೇ ಕಾಣದೆ ತೆನೆ ಹಾಯುವ ಹೊತ್ತಿಗೆ ಕಾಣಿಸಿಕೊಳ್ಳುವುದುಂಟು. ಬೆಳೆದ ಪೈರು ತಡೆದುಕೊಳ್ಳುವ ಔಷಧವನ್ನು ಎಳೆಯ ಸಸಿ ತಡೆದುಕೊಳ್ಳಲಾರದು. ಮನುಷ್ಯದೇಹದಲ್ಲಿಯೂ ಹೀಗೆಯೇ. ಬಸಿರಿನ ಎರಡನೆಯ ತಿಂಗಳ ಕೊನೆಯಿಂದಲೇ ಗಂಡು ಭ್ರೂಣದ ವೃಷಣ ಸ್ರವಿಸುವ ಟೆಸ್ಟೊಸ್ಟೆರೋನ್ ಅದರ ಜನನಾಂಗಗಳ ರೂಪವನ್ನು ನಿರ್ಧರಿಸತೊಡಗುತ್ತದೆ. ಮೊದಲ ತಿಂಗಳುಗಳಲ್ಲಿ ಮಿದುಳಿನ ಬೆಳವಣಿಗೆಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯಿಂದಲೇ ಬರಬೇಕು. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸಂಚರಿಸುವ ಈ ಸಂದೇಶವಾಹಕಗಳು ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ ತಲುಪಬೇಕು. ಅವನ್ನು ಹೋಲುವ, ಅಡ್ಡಗಟ್ಟುವ ಅಥವಾ ಕೆರಳಿಸುವ ಹೊರಗಿನ ವಸ್ತು ಆ ಹೊತ್ತಿನಲ್ಲಿ ಒಳನುಗ್ಗಿದರೆ ಆಗುವ ಏರುಪೇರು ಹತ್ತು ಹನ್ನೆರಡು ವರ್ಷಗಳ ಅನಂತರ, ಮಗು ಪ್ರಾಯಕ್ಕೆ ಬರುವಾಗ ಬೆಳಕಿಗೆ ಬರಬಹುದು. ಆ ವೇಳೆಗೆ ಕಾರಣವನ್ನು ನೆನಪಿಟ್ಟವರು ಯಾರೂ ಇರುವುದಿಲ್ಲ.

ಈ ಪಾಠವನ್ನು ಕನ್ನಡ ನಾಡು ಪುಸ್ತಕದಿಂದ ಕಲಿತದ್ದಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಕಲಿತದ್ದು. ಕೇರಳದ ತೋಟಗಾರಿಕಾ ನಿಗಮದ ಗೇರುತೋಪುಗಳ ಮೇಲೆ 1970ರ ದಶಕದ ಕೊನೆಯ ಹೊತ್ತಿನಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗುಡ್ಡದ ತುದಿಯ ಗೇರುಮರಗಳಿಂದ ಅದು ಕೆಳಗಿನ ತೋಡು, ಸುರಂಗ, ಬಾವಿಗಳಿಗೆ ಇಳಿಯಿತು. ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರಗಳನ್ನು ಗುರುತಿಸಿದರು; ಪತ್ರಕರ್ತ ಶ್ರೀಪಡ್ರೆ ಅದನ್ನು ಲೋಕದ ಮುಂದಿಟ್ಟರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಹಬೀಬುಲ್ಲಾ ಸಯ್ಯದ್ ಮತ್ತು ಸಂಗಡಿಗರು ಪಡ್ರೆ ಪರಿಸರದ 117 ಹುಡುಗರನ್ನು, ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿ 2003ರಲ್ಲಿ ವರದಿ ಪ್ರಕಟಿಸಿದರು. ಎಂಡೋಸಲ್ಫಾನಿಗೆ ಒಡ್ಡಿಕೊಂಡ ಹುಡುಗರಲ್ಲಿ ಪ್ರಾಯದ ಲಕ್ಷಣಗಳು ತಡವಾಗಿದ್ದವು. ವಯಸ್ಸಿಗೆ ತಕ್ಕ ಟೆಸ್ಟೊಸ್ಟೆರೋನ್ ಏರಿಕೆಯೂ ಕುಂಠಿತವಾಗಿತ್ತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಮನೆಗಳ ಸಂಕಟವೂ ಇದೇ ಗೇರುತೋಪುಗಳ ಕತೆ.

ಎಂಡೋಸಲ್ಫಾನ್ ಕೀಟನಾಶಕ, ಟ್ರೈಕ್ಲೋಸಾನ್ ಸೂಕ್ಷ್ಮಾಣುನಾಶಕ. ಎರಡರ ತೀವ್ರತೆ ಒಂದೇ ಅಲ್ಲ. ಸೋಪು ಹಚ್ಚಿಕೊಂಡವರು ಪಡ್ರೆಯ ಮಕ್ಕಳ ಪಾಡಿಗೆ ಬೀಳುತ್ತಾರೆಂದು ಹೇಳುವುದು ಸುಳ್ಳಾಗುತ್ತದೆ. ಒಂದಾಗಿರುವುದು ಪ್ರಶ್ನೆ: ಹಾರ್ಮೋನುಗಳ ದಾರಿಗೆ ಅಡ್ಡಬರಬಲ್ಲ ವಸ್ತುವನ್ನು ಬಸಿರು ಮತ್ತು ಬಾಲ್ಯದ ಸಮೀಪಕ್ಕೆ ಬಿಡಬೇಕೇ?

ಈ ಪ್ರಶ್ನೆಗೆ ಪ್ರಯೋಗಾಲಯಗಳು ನೀಡಿರುವ ಉತ್ತರ ಸಮಾಧಾನದ್ದಲ್ಲ. ರೂರ್ಕಿಯ ಐಐಟಿಯ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟ್ರೈಕ್ಲೋಸಾನ್ ಕೊಟ್ಟ ಗಂಡು ಇಲಿಗಳಲ್ಲಿ ಟೆಸ್ಟೊಸ್ಟೆರೋನ್ ತಯಾರಿ ಕುಗ್ಗಿ, ವೃಷಣದ ಅಂಗಾಂಶಕ್ಕೆ ಹಾನಿಯಾಗಿತ್ತು. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ನಡೆಸಿದ ಪರೀಕ್ಷೆಯಲ್ಲಿ ಎಳೆಯ ಗಂಡು ಇಲಿಗಳ ಥೈರಾಯ್ಡ್ ಹಾರ್ಮೋನು ಇಳಿಯಿತು, ಆದರೆ ಪ್ರಾಯದ ವಯಸ್ಸು ಬದಲಾಗಲಿಲ್ಲ. ಅದೇ ಸಂಸ್ಥೆಯ 2010ರ ಪ್ರಯೋಗದಲ್ಲಿ ಹೆಣ್ಣು ಇಲಿಗಳು ಬೇಗ ಪ್ರಾಯಕ್ಕೆ ಬಂದವು. ಈಸ್ಟ್ರೋಜನ್ ಹಾರ್ಮೋನಿಗೆ ಗರ್ಭಕೋಶ ತೋರುವ ಪ್ರತಿಕ್ರಿಯೆಯೂ ಹೆಚ್ಚಿತು. ಟ್ರೈಕ್ಲೋಕಾರ್ಬಾನಿನ ಗುಣ ಇನ್ನೂ ವಿಚಿತ್ರ. ತಾನಾಗಿ ಅದು ಹಾರ್ಮೋನಿನಂತೆ ವರ್ತಿಸುವುದು ಕಡಿಮೆ. ದೇಹದಲ್ಲಿರುವ ಟೆಸ್ಟೊಸ್ಟೆರೋನಿನ ಕೆಲಸವನ್ನು ಅಳತೆಮೀರಿ ಹೆಚ್ಚಿಸುತ್ತದೆಂಬುದು 2008ರಲ್ಲಿ ಇಲಿಗಳಲ್ಲಿ ಕಂಡುಬಂದಿತು.

ಟೆನ್ನೆಸಿ ವಿಶ್ವವಿದ್ಯಾಲಯದ ರೆಬೆಕಾ ಕೆನಡಿ ಮತ್ತು ಸಂಗಡಿಗರ 2015ರ ಪ್ರಯೋಗವಂತೂ ಎಲ್ಲ ತಾಯಂದಿರೂ ತಿಳಿಯಬೇಕಾದದ್ದು. ಬಸಿರಿನಲ್ಲಿಯೂ ಹಾಲೂಡಿಸುವಾಗಲೂ ಟ್ರೈಕ್ಲೋಕಾರ್ಬಾನ್ ಬೆರೆತ ಮೇವು ತಿಂದ ಇಲಿಗಳು ಮರಿಗಳನ್ನು ಜೀವಂತವಾಗಿಯೇ ಹೆತ್ತವು. ಆದರೆ ಹೆಚ್ಚು ಪ್ರಮಾಣ ಪಡೆದ ತಾಯಿಯ ಹಾಲು ಕುಡಿದ ಮರಿಗಳು ಹಾಲು ಬಿಡುವ ಮೊದಲೇ ಸತ್ತವು. ವಿಜ್ಞಾನಿಗಳು ಮರಿಗಳನ್ನು ಅದಲುಬದಲು ಮಾಡಿದರು. ರಾಸಾಯನಿಕ ತಿಂದ ತಾಯಿಗೆ ಹುಟ್ಟಿ, ತಿನ್ನದ ತಾಯಿಯ ಹಾಲು ಕುಡಿದ ಮರಿಗಳು ಬದುಕಿದವು. ಕೇಡು ಬಸಿರಿಗಿಂತ ಹೆಚ್ಚಾಗಿ ಹಾಲೂಡಿಕೆಯ ದಿನಗಳಲ್ಲಿ ತಟ್ಟುತ್ತಿತ್ತು. ಆ ಇಲಿಗಳಿಗೆ ಮೇವಿನಲ್ಲಿ ಕೊಟ್ಟ ಪ್ರಮಾಣ ಸ್ನಾನದಿಂದ ಮೈಸೇರುವುದಕ್ಕಿಂತ ಬಹಳ ಹೆಚ್ಚಿನದು ಎಂಬುದನ್ನೂ ಹೇಳಬೇಕು. ಇದನ್ನು ಓದಿ ಯಾವ ತಾಯಿಯೂ ಎದೆಹಾಲು ನಿಲ್ಲಿಸಬಾರದು. ಎದೆಹಾಲಿಗೆ ಸಾಟಿಯಾದ ಆಹಾರ ಕೂಸಿಗೆ ಬೇರೊಂದಿಲ್ಲ. ಬಿಡಬೇಕಾದದ್ದು ಹಾಲನ್ನಲ್ಲ, ಸೋಪಿನ ರಾಸಾಯನಿಕವನ್ನು.

ಇಲಿಯ ಮಾತು ಇಲಿಗೆ, ಮನುಷ್ಯರ ಮಾತೇನು ಎಂದು ಕೇಳುವವರಿಗೂ ಒಂದು ಉತ್ತರವಿದೆ. ಕ್ಯಾಲಿಫೋರ್ನಿಯಾದ ಸಲಿನಾಸ್ ಕಣಿವೆ ತರಕಾರಿ ಬೆಳೆಯುವ ನಾಡು. ಅಲ್ಲಿ ದುಡಿಯುವವರು ಹೆಚ್ಚಾಗಿ ಮೆಕ್ಸಿಕೋ ಮೂಲದ ಬಡ ಕೃಷಿಕಾರ್ಮಿಕರು. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 1999-2000ದಲ್ಲಿ ಅಲ್ಲಿನ ಬಸುರಿಯರ ಮೂತ್ರ ಸಂಗ್ರಹಿಸಿ, ಅವರಿಗೆ ಹುಟ್ಟಿದ 338 ಮಕ್ಕಳ ಬೆಳವಣಿಗೆಯನ್ನು ಹರೆಯದವರೆಗೂ ಹಿಂಬಾಲಿಸಿದರು. ಕಿಮ್ ಹಾರ್ಲಿ ಮತ್ತು ಸಂಗಡಿಗರು 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬಸಿರಿನಲ್ಲಿದ್ದಾಗ ತಾಯಿಯ ದೇಹದಲ್ಲಿದ್ದ ಟ್ರೈಕ್ಲೋಸಾನ್ ಎರಡರಷ್ಟಾದಂತೆಲ್ಲ ಹೆಣ್ಣುಮಕ್ಕಳು ಸುಮಾರು 0.7 ತಿಂಗಳು, ಅಂದರೆ ಮೂರು ವಾರದಷ್ಟು ಮುಂಚೆ ಮೈನೆರೆದಿದ್ದರು. ಮೂರು ವಾರ ಒಂದು ಮನೆಗೆ ಗೊತ್ತಾಗುವಷ್ಟು ದೊಡ್ಡದಲ್ಲ. ಆದರೆ ಬೇಗ ಮೈನೆರೆಯುವ ಹೆಣ್ಣುಮಕ್ಕಳಿಗೆ ಮುಂದೆ ಸ್ತನದ ಕ್ಯಾನ್ಸರಿನ ಅಪಾಯ ತುಸು ಹೆಚ್ಚೆಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ಲಕ್ಷಾಂತರ ಮಕ್ಕಳ ನಾಡಿನಲ್ಲಿ ತುಸು ಎಂಬುದು ತುಸುವಾಗಿ ಉಳಿಯುವುದಿಲ್ಲ. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಮುದ್ರೆಯೊತ್ತಿ ಹೇಳುವುದಿಲ್ಲ. ಆದರೂ ಇಲಿಗಳಲ್ಲಿ ಕಂಡ ದಿಕ್ಕಿನಲ್ಲಿಯೇ ಮಕ್ಕಳ ಲೆಕ್ಕವೂ ವಾಲಿರುವುದನ್ನು ಕಡೆಗಣಿಸುವುದು ಜಾಣತನವಲ್ಲ.

ಅಪಾಯದ ತಕ್ಕಡಿಗೆ ಎದುರಾಗಿ ಲಾಭದ ತಟ್ಟೆಯಲ್ಲಿ ಏನಿದೆ? ಮಕ್ಕಳ ಭೇದಿ, ನ್ಯುಮೋನಿಯಾಗಳನ್ನು ಕಂಡವರಾರೂ ಕೈತೊಳೆಯುವುದನ್ನು ಹಗುರವಾಗಿ ಕಾಣಲಾರರು. ಇದಕ್ಕೆ ನೆರೆಯ ಕರಾಚಿಯಿಂದಲೇ ಸ್ಪಷ್ಟ ಉತ್ತರ ಬಂದಿದೆ. ಅಲ್ಲಿನ ಕೊಳೆಗೇರಿಗಳಲ್ಲಿ ಸ್ಟೀಫನ್ ಲೂಬಿ ಮತ್ತು ಸಂಗಡಿಗರು ಕೆಲವು ಮನೆಗಳಿಗೆ ಸಾಧಾರಣ ಸೋಪನ್ನೂ ಕೆಲವು ಮನೆಗಳಿಗೆ ಶೇಕಡ 1.2ರಷ್ಟು ಟ್ರೈಕ್ಲೋಕಾರ್ಬಾನ್ ಇರುವ ಸೋಪನ್ನೂ ಹಂಚಿ, ಕೈತೊಳೆಯುವ ಅಭ್ಯಾಸ ಮಾಡಿಸಿದರು. ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ಸೋಪು ಪಡೆದ ಮನೆಗಳಲ್ಲಿ ಮಕ್ಕಳ ಭೇದಿಯೂ ಐದು ವರ್ಷದೊಳಗಿನವರ ನ್ಯುಮೋನಿಯಾವೂ ಸುಮಾರು ಅರ್ಧಕ್ಕೆ ಇಳಿದಿದ್ದವು. ಎರಡು ಬಗೆಯ ಸೋಪುಗಳ ನಡುವೆ ಮಾತ್ರ ವ್ಯತ್ಯಾಸವೇ ಕಾಣಲಿಲ್ಲ. ಮಕ್ಕಳನ್ನು ಕಾಪಾಡಿದ್ದು ನೀರು, ನೊರೆ ಮತ್ತು ತಿಕ್ಕುವ ಕೈ. ಸೋಪು ಜಿಡ್ಡನ್ನೂ ಕೊಳೆಯನ್ನೂ ಅವುಗಳೊಂದಿಗೆ ರೋಗಾಣುಗಳನ್ನೂ ಚರ್ಮದಿಂದ ಬಿಡಿಸಿ ನೀರಿಗೆ ಕೊಡುತ್ತದೆ. ಬಿಟ್ಟುಹೋಗುವುದನ್ನು ಕೊಂದು ಕಳಿಸುವ ಅಗತ್ಯವಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ 2016ರ ಸೆಪ್ಟೆಂಬರಿನಲ್ಲಿ ಇದೇ ತೀರ್ಮಾನಕ್ಕೆ ಬಂದಿತು. ಸಾಧಾರಣ ಸೋಪು ಮತ್ತು ನೀರಿಗಿಂತ ಇವು ಮೇಲೆಂದಾಗಲಿ, ದೀರ್ಘಕಾಲದ ನಿತ್ಯಬಳಕೆಗೆ ಸುರಕ್ಷಿತವೆಂದಾಗಲಿ ಕಂಪನಿಗಳು ತೋರಿಸಿಕೊಡಲಿಲ್ಲವೆಂಬ ಕಾರಣಕ್ಕೆ, ಜನಬಳಕೆಯ ಸೋಪುಗಳಿಂದ ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಸೇರಿ 19 ರಾಸಾಯನಿಕಗಳನ್ನು ಹೊರಹಾಕಿತು. ಯುರೋಪಿನ ಒಕ್ಕೂಟ 2024ರಲ್ಲಿ ನಿಯಮ ಬಿಗಿಗೊಳಿಸಿ, ಪುಟ್ಟ ಮಕ್ಕಳ ಟೂತ್‌ಪೇಸ್ಟಿನಿಂದ ಇವನ್ನು ದೂರವಿಟ್ಟಿತು. ಕೆಲವು ದೊಡ್ಡ ಕಂಪನಿಗಳು ತಾವಾಗಿಯೇ ಇವನ್ನು ಕೈಬಿಟ್ಟಿವೆ. ಆದರೆ ಅಮೆರಿಕದಂಥ ನಿಷೇಧ ಭಾರತದಲ್ಲಿ ಬಂದಿಲ್ಲ. ಒಂದು ದೇಶದ ಕೂಸಿಗೆ ಬೇಡವಾದದ್ದು ಇನ್ನೊಂದು ದೇಶದ ಕೂಸಿಗೆ ಹೇಗೆ ಸಲ್ಲುತ್ತದೆ ಎಂಬುದನ್ನು ಕೇಳುವ ಹಕ್ಕು ಇಲ್ಲಿಯ ತಂದೆತಾಯಿಗಳಿಗಿದೆ.

ಒಂದು ಹೆಸರು ಹೋದರೆ ಸಾಲದು ಎಂಬುದಕ್ಕೂ ಸಾಕ್ಷಿಯಿದೆ. 2020ರ ಕೊರೋನಾ ಕಾಲದಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಮತ್ತು ಅದರ ಬಳಗದ ರಾಸಾಯನಿಕಗಳು ನೆಲ ಒರೆಸುವ ದ್ರಾವಣಗಳಲ್ಲಿಯೂ ಕೈ ಒರೆಸುವ ಹಾಳೆಗಳಲ್ಲಿಯೂ ತುಂಬಿಕೊಂಡವು. ವರ್ಜೀನಿಯಾದ ಟೆರಿ ಹ್ರುಬೆಕ್ ಅವರ ಪ್ರಯೋಗಾಲಯದ ಇಲಿಮರಿಗಳ ಸಂಖ್ಯೆ ಇದ್ದಕ್ಕಿದ್ದಂತೆ ಕುಸಿದಾಗ ಕಾರಣ ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಇದೇ ಬಳಗದ ಸೋಂಕುನಾಶಕ. ಅವಕ್ಕೆ ಒಡ್ಡಿಕೊಂಡ ಇಲಿಗಳ ಸಂತಾನಶಕ್ತಿ ಕುಗ್ಗುತ್ತದೆಂದು ಅವರ ತಂಡ 2014ರಲ್ಲಿ ವರದಿ ಮಾಡಿತು. ಸೋಂಕು ಹಬ್ಬಿರುವ ಆಸ್ಪತ್ರೆಯಲ್ಲಿ ಸೋಂಕುನಾಶಕ ಬೇಕು. ಕೂಸು ಅಂಬೆಗಾಲಿಡುವ ನೆಲಕ್ಕೆ ನಿತ್ಯ ಅದು ಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಮೈಯಿಂದ ಇಳಿದ ನೀರಿನ ಕತೆ ಬಚ್ಚಲಲ್ಲಿ ಮುಗಿಯುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಬಚ್ಚಲ ನೀರು ಬಾಳೆಯ ಬುಡಕ್ಕೋ ಬಸಳೆಯ ಚಪ್ಪರಕ್ಕೋ ಹೋಗುತ್ತದೆ. ಸಾಧಾರಣ ಸೋಪಿನ ನೀರನ್ನು ಮಣ್ಣಿನ ಜೀವಿಗಳು ಅರಗಿಸಿಕೊಳ್ಳುತ್ತವೆ. ಆದರೆ ಅರಗಿಸಿಕೊಳ್ಳುವ ಆ ಬ್ಯಾಕ್ಟೀರಿಯಾಗಳನ್ನೇ ಕೊಲ್ಲಲೆಂದು ತಯಾರಾದ ರಾಸಾಯನಿಕ ಮಣ್ಣಿನ ಸಾವಯವ ಕಣಕ್ಕೆ ಅಂಟಿಕೊಂಡು ಉಳಿಯುತ್ತದೆ. ಗಾಳಿಯಾಡದ ಕೆಸರಿನಲ್ಲಂತೂ ಅದು ಕರಗುವುದು ಬಹಳ ನಿಧಾನ. ನೀರಿನಲ್ಲಿರುವ ಟ್ರೈಕ್ಲೋಸಾನಿನ ಒಂದು ಪಾಲು ಬಿಸಿಲಿಗೆ ಡಯಾಕ್ಸಿನ್ ಬಳಗದ ವಸ್ತುವಾಗಿ ಮಾರ್ಪಡುವುದನ್ನು ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದ್ದಾರೆ. ಕಪ್ಪೆಗಳೂ ಇದರಿಂದ ಹೊರತಲ್ಲ. ಗೊದಮೊಟ್ಟೆ ಕಪ್ಪೆಯಾಗುವುದು ಥೈರಾಯ್ಡ್ ಹಾರ್ಮೋನಿನ ಅಪ್ಪಣೆಯಿಂದ. ನದಿಗಳಲ್ಲಿ ಸಿಗುವಷ್ಟು ಅಲ್ಪ ಟ್ರೈಕ್ಲೋಸಾನ್ ಕೂಡ ಆ ಪರಿವರ್ತನೆಯ ಲಯ ಕೆಡಿಸುತ್ತದೆಂದು ಕೆನಡಾದ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಬೇರೆಲ್ಲಿಯೂ ಇಲ್ಲದ ಕಪ್ಪೆಗಳಿಗೆ ಮನೆಯಾದ ಪಶ್ಚಿಮಘಟ್ಟಕ್ಕೆ ಇದು ದೂರದ ಸುದ್ದಿಯಲ್ಲ.

ಇಷ್ಟು ಮಳೆ ಸುರಿಯುವ ನಾಡಿನಲ್ಲಿ ಎಲ್ಲವೂ ತೊಳೆದುಹೋಗುತ್ತದೆ ಎಂಬ ನಂಬಿಕೆ ಘಟ್ಟದವರಲ್ಲಿದೆ. ತೊಳೆದದ್ದು ಎಲ್ಲಿಗೆ ಹೋಗುತ್ತದೆ? ಕೊಡಗಿನಲ್ಲಿ ಹುಟ್ಟಿದ ಕಾವೇರಿಯೂ ಘಟ್ಟದಿಂದಲೇ ಇಳಿಯುವ ತಾಮಿರಪರಣಿಯೂ ತಮಿಳುನಾಡಿನ ಬಯಲು ಮುಟ್ಟುವ ಹೊತ್ತಿಗೆ ಅವುಗಳಲ್ಲಿ ಟ್ರೈಕ್ಲೋಸಾನ್ ಇರುವುದು 2011ರ ಅಧ್ಯಯನದಲ್ಲಿ ದಾಖಲಾಗಿದೆ. ಇನ್ನು ಕಮಲನಗರದಂಥ ಊರುಗಳಿಗೆ ತೊಳೆಯುವ ಮಳೆಯ ಭರವಸೆಯೂ ಇಲ್ಲ. ಆಗುಂಬೆಯಲ್ಲಿ ಒಂದು ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿಗೆ ವರ್ಷವಿಡೀ ದೊರೆಯುವುದಿಲ್ಲ. ಬೇಸಿಗೆಯ ಹಳ್ಳದಲ್ಲಿ ಹರಿವು ನಿಂತಾಗ ಚರಂಡಿಯ ನೀರಿಗೆ ಬೆರೆಯಲು ಬೇರೆ ನೀರೇ ಇರುವುದಿಲ್ಲ. ಆ ಸೀಮೆಯ ನೀರು ಸೇರುವುದು ಮಾಂಜ್ರಾ ನದಿಯನ್ನು. ಮಾಂಜ್ರಾ ಬೀದರ್ ದಾಟಿ ತೆಲಂಗಾಣದ ಸಂಗಾರೆಡ್ಡಿಯಲ್ಲಿ ಸಿಂಗೂರು ಜಲಾಶಯವಾಗಿ ನಿಂತು ಹೈದರಾಬಾದಿಗೆ ಕುಡಿಯುವ ನೀರಾಗುತ್ತದೆ. ಅದೇ ಸಂಗಾರೆಡ್ಡಿ ಜಿಲ್ಲೆಯ ಕಂದಿಯಲ್ಲಿರುವ ಐಐಟಿಯ ವಿಜ್ಞಾನಿಗಳು, ಅಲ್ಪ ಪ್ರಮಾಣದ ಟ್ರೈಕ್ಲೋಸಾನ್ ಕೂಡ ಜೀಬ್ರಾ ಮೀನಿನ ನರಮಂಡಲವನ್ನು ಕೆಡಿಸುತ್ತದೆಂದು 2020ರಲ್ಲಿ ಎಚ್ಚರಿಸಿದರು. ಮೇಲಿನವರ ಬಚ್ಚಲು ಕೆಳಗಿನವರ ಬಾವಿ ಎಂಬ ಮಾತು ಘಟ್ಟಕ್ಕೂ ಒಂದೇ, ಬಯಲಿಗೂ ಒಂದೇ.

ಪೂರ್ತಿ ಸಾಬೀತಾಗುವವರೆಗೆ ಕಾಯೋಣ ಎಂಬುದು ಉದ್ಯಮದ ಹಳೆಯ ವಾದ. ಕಾಯುವುದರ ಬೆಲೆ ಎಷ್ಟೆಂದು ಪಡ್ರೆ ಬಲ್ಲದು. ಸಿಂಪಡಣೆ ನಿಂತದ್ದು 2000ದಲ್ಲಿ. ಹುಡುಗರ ಅಧ್ಯಯನ ಬಂದದ್ದು 2003ರಲ್ಲಿ. ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನ್ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿ ಪರಿಹಾರ ಕೊಡಲೇಬೇಕೆಂದು ಅದೇ ನ್ಯಾಯಾಲಯ ಕಟ್ಟಪ್ಪಣೆ ಮಾಡಿದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಬೆಳೆದುಹೋಗಿತ್ತು. ಅಪಾಯದ ಗುರುತುಗಳು ಸಾಕಷ್ಟಿದ್ದು ಪ್ರಯೋಜನ ಇಲ್ಲವೆಂದಾಗ, ಹಾನಿಯಿಲ್ಲವೆಂದು ತೋರಿಸುವ ಹೊಣೆ ಮಾರುವವನದು. ಹಾನಿಯಾಯಿತೆಂದು ತೋರಿಸುವ ಹೊರೆಯನ್ನು ಹೆತ್ತವಳ ಹೆಗಲಿಗೇರಿಸುವುದು ನ್ಯಾಯವಲ್ಲ. ಮುನ್ನೆಚ್ಚರಿಕೆಯ ತತ್ವ ಹೇಳುವುದು ಇಷ್ಟನ್ನೇ.

ಮಾಡಬೇಕಾದದ್ದು ಕಠಿಣವೇನಲ್ಲ. ಸೋಪು, ಟೂತ್‌ಪೇಸ್ಟು ಕೊಳ್ಳುವಾಗ ಹೊದಿಕೆಯ ಹಿಂಬದಿ ಓದಬೇಕು. ಟ್ರೈಕ್ಲೋಸಾನ್, ಟ್ರೈಕ್ಲೋಕಾರ್ಬಾನ್ ಎಂದಿದ್ದರೆ ಅಂಗಡಿಗೇ ಮರಳಿಸಬೇಕು. ಇಂಗ್ಲಿಷ್ ಓದಲಾರದ ಹಿರಿಯರಿಗಾಗಿ ಈ ಕೆಲಸವನ್ನು ವಿದ್ಯಾರ್ಥಿಗಳು ವಹಿಸಿಕೊಳ್ಳಬಹುದು: ಊರಿನ ಅಂಗಡಿಯಲ್ಲಿರುವ ಸೋಪುಗಳ ಘಟಕಗಳನ್ನು ಪಟ್ಟಿ ಮಾಡಿ ಪಂಚಾಯಿತಿಯ ಫಲಕದಲ್ಲಿ ಕನ್ನಡದಲ್ಲಿ ಬರೆದು ಹಾಕಬಹುದು. ಅಂಗನವಾಡಿ, ಹಾಸ್ಟೆಲ್, ಹೆರಿಗೆ ಕೊಠಡಿಗಳ ಸ್ನಾನಕ್ಕೆ ಸಾಧಾರಣ ಸೋಪನ್ನೇ ಕೊಳ್ಳಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಬೇಕು. ಬಾಣಂತಿಗೂ ಕೂಸಿಗೂ ಕಡಲೆಹಿಟ್ಟು, ತಲೆಗೆ ಸೀಗೆ ಅಂಟುವಾಳ ಸಿಗುವ ಮನೆಯಲ್ಲಿ ಅವೇ ಸಾಕು; ಸಿಗದ ಮನೆಯಲ್ಲಿ ಅಗ್ಗದ ಸಾಧಾರಣ ಸೋಪು ಸಾಕು. ಹೊದಿಕೆಯ ಮೇಲೆ ಗಿಡಮೂಲಿಕೆಯ ಚಿತ್ರವಿದ್ದ ಮಾತ್ರಕ್ಕೆ ಒಳಗಿನದೆಲ್ಲ ಗಿಡದಿಂದಲೇ ಬಂದದ್ದೆಂದು ನಂಬಬೇಕಾಗಿಲ್ಲ. ಸರಕಾರ ತನ್ನ ಪಾಲಿಗೆ ಈ ರಾಸಾಯನಿಕಗಳನ್ನು ನಿತ್ಯಬಳಕೆಯ ವಸ್ತುಗಳಿಂದ ಹೊರಗಿಟ್ಟು, ಘಟಕಗಳ ಹೆಸರು ಕನ್ನಡದಲ್ಲಿಯೂ ಇರುವಂತೆ ಕಡ್ಡಾಯ ಮಾಡಬೇಕು. ರಾಜ್ಯದ ನದಿಗಳಲ್ಲಿ ಇವುಗಳ ಪ್ರಮಾಣವನ್ನು ಕಾಲಕಾಲಕ್ಕೆ ಅಳೆದು ಪ್ರಕಟಿಸಬೇಕು.

ಕೈ ಶುಚಿಯಾಗಿರಬೇಕು, ನೀರೂ ಶುಚಿಯಾಗಿರಬೇಕು, ಬಸಿರೂ ಶುಚಿಯಾಗಿರಬೇಕು. ಮೊದಲನೆಯದಕ್ಕಾಗಿ ಉಳಿದೆರಡನ್ನು ಕೊಡಬೇಕಾದ ಅನಿವಾರ್ಯತೆ ಯಾವ ಊರಿಗೂ ಇಲ್ಲ.